ಇನ್ನೊಂದು ತೋಳು ಬಾಕಿ ಇದೆ

ಚಳಿಗಾಲದ ರಜೆಗೆ ಎಲ್ಲರೂ ಅಕ್ಕನ ಮನೆಯಲ್ಲಿ ಸೇರುವುದು ಅಂತ ತೀರ್ಮಾನವಾದಾಗ ನಾನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು. "ಈ ಸಲ ಎಲ್ಲರಿಗೂ ನಾನೇ ಹೆಣೆದು ಕೊಡ್ತೀನಿ" ಎಂದುಬಿಟ್ಟೆ. ಅಪ್ಪನಿಗೆ ಮಫ್ಲರ್, ಅಕ್ಕನ ಮಗನಿಗೆ ಟೋಪಿ, ಭಾವನಿಗೆ ಕಾಲುಚೀಲ, ನಮ್ಮವರಿಗೆ ಸ್ವೆಟರ್. ಎರಡು ತಿಂಗಳಿದೆಯಲ್ಲ, ಧಾರಾಳವಾಯಿತು ಅಂದುಕೊಂಡೆ.

ಇವರ ಅಳತೆಯನ್ನು ಗುಟ್ಟಾಗಿ ತೆಗೆಯಬೇಕಿತ್ತು. ಗೊರಕೆ ಶುರುವಾದ ಮೇಲೆ ಮೆಲ್ಲಗೆ ಬೆನ್ನಿನಡಿ ಟೇಪು ತೂರಿಸಿದೆ. ಆಚೆ ತುದಿ ಕೈಗೆ ಸಿಗುವಷ್ಟರಲ್ಲಿ ಇವರು ಕಣ್ಣು ಬಿಟ್ಟರು.

"ಏನದು?"

"ಟೇಪು."

"ಯಾಕೆ?"

ನಡುರಾತ್ರಿಯಲ್ಲಿ ನಂಬುವಂಥ ಉತ್ತರ ಹೊಳೆಯುತ್ತದೆಯೇ? "ಸುಮ್ನೆ" ಎಂದೆ. ಆಮೇಲೆ ಗೊರಕೆ ಕೇಳಿಸಲಿಲ್ಲ.

ಹೆಣಿಗೆಯಲ್ಲಿ ಒಂದು ನಿಯಮವಿದೆ. ಮೊದಲು ಅಂಗೈಯಗಲದ ಮಾದರಿ ತುಂಡು ಹೆಣೆದು, ಒಗೆದು, ಒಣಗಿಸಿ, 10 ಸೆಂಟಿಮೀಟರಿಗೆ ಎಷ್ಟು ಕುಣಿಕೆ ಬಂತು ಅಂತ ಎಣಿಸಬೇಕು. ನನ್ನ ನಮೂನೆಗೆ 22 ಬರಬೇಕಿತ್ತು. ಆಗ 220 ಕುಣಿಕೆಗೆ ಸರಿಯಾಗಿ ಒಂದು ಮೀಟರ್ ಸುತ್ತಳತೆ. ಸ್ವೆಟರನ್ನೇ ಹೆಣೆಯಲು ಹೊರಟವಳು ಕರವಸ್ತ್ರದಷ್ಟು ತುಂಡು ಹೆಣೆಯುತ್ತಾ ಕೂರುವುದಾ? ನೇರವಾಗಿ 220 ಏರಿಸಿದೆ.

ಮೊದಲ ವಾರ ಮನಸ್ಸು ನಿರಾಳವಾಗಿತ್ತು, ಕೈಯೂ ಸಡಿಲವಾಗಿತ್ತು. 10 ಸೆಂಟಿಮೀಟರಿಗೆ 20 ಕುಣಿಕೆ ಬಿದ್ದವು. ಎರಡು ಕುಣಿಕೆ ಅಂದರೆ ಏನು ಮಹಾ ಅನ್ನಿಸುತ್ತದೆ ಅಲ್ವಾ? ಸುತ್ತು ಮುಗಿಯುವ ಹೊತ್ತಿಗೆ ಅದು 110 ಸೆಂಟಿಮೀಟರ್. ರಜೆ ಹತ್ತಿರ ಬಂದಂತೆ ಎದೆ ಡವಗುಟ್ಟತೊಡಗಿತು, ನೂಲು ಬಿಗಿಯಿತು, 24 ಕುಣಿಕೆಯಾಯಿತು. ಎದೆಯ ಹತ್ತಿರ ಸ್ವೆಟರು 92ಕ್ಕೆ ಇಳಿಯಿತು. ಒಟ್ಟು ಆಕಾರ ದೇವಸ್ಥಾನದ ಗಂಟೆಯದು. ಯಾವ ದಿನ ನನ್ನ ತಲೆ ಎಷ್ಟು ಬಿಸಿಯಾಗಿತ್ತು ಅಂತ ಅದರ ಮೇಲೆ ಅಳೆದು ಹೇಳಬಹುದಿತ್ತು.

ಈ ನಡುವೆ ಎಣಿಕೆಯ ಕಾಟ. ಕೈ ಕೆಳಗೆ 147, 148 ಅಂತ ಸಾಗುತ್ತಿದ್ದಾಗಲೇ ಅಕ್ಕನ ಫೋನು.

"ಎಷ್ಟು ಗಂಟೆಗೆ ಹೊರಡ್ತೀರೇ?"

"ನೂರ ನಲವತ್ತೊಂಬತ್ತಕ್ಕೆ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿದ್ದೆ ಮಾಡ್ತಿದ್ದೀಯಾ ಸರಿಯಾಗಿ?" ಎಂದು ಕೇಳಿದಳು. ನಿದ್ದೆ ಎಲ್ಲಿಂದ? ಸ್ವೆಟರಿನ ಮೈಯೊಂದಕ್ಕೇ ಸುಮಾರು 43 ಸಾವಿರ ಕುಣಿಕೆ. ನಿಮಿಷಕ್ಕೆ 30ರಂತೆ ಹಾಕಿದರೂ ಸರಿಸುಮಾರು ಒಂದು ಹಗಲು, ಒಂದು ರಾತ್ರಿ. ಬಿಚ್ಚಿದ್ದು ಲೆಕ್ಕಕ್ಕಿಲ್ಲ.

ಟೋಪಿ ಮಾತ್ರ ಚೆನ್ನಾಗಿ ಬಂದಿತ್ತು. ಅಷ್ಟಕ್ಕೇ ಬಿಡಬಾರದಿತ್ತೇ? ಕೊಳೆಯಾಗಿದೆ ಅಂತ ಬಿಸಿನೀರಿಗೆ ಹಾಕಿ ತಿಕ್ಕಿದೆ. ಉಣ್ಣೆಯ ಎಳೆಯ ಮೇಲೆ ಹೆಂಚು ಹೊದಿಸಿದ ಹಾಗೆ ಸಣ್ಣ ಸಣ್ಣ ಪೊರೆಗಳಿರುತ್ತವೆ. ಬಿಸಿನೀರು, ಸೋಪು, ತಿಕ್ಕಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಮತ್ತೆ ಬಿಡುವುದಿಲ್ಲ. ಇದನ್ನೆಲ್ಲ ಓದಿಕೊಂಡಿದ್ದು ಟೋಪಿ ಲೋಟದ ಮುಚ್ಚಳದಷ್ಟಾದ ಮೇಲೆ. ಹುಡುಗ ಅದನ್ನು ತನ್ನ ಗೊಂಬೆ ಕರಡಿಗೆ ಹಾಕಿ, "ಇದಕ್ಕೆ ಕರೆಕ್ಟಾಗಿದೆ ಚಿಕ್ಕಮ್ಮ" ಅಂದ. ಕರಡಿಯ ಅಳತೆಯನ್ನು ನಾನು ತೆಗೆದೇ ಇರಲಿಲ್ಲ!

ಭಾವನಿಗೆ ಒಂದು ಕಾಲುಚೀಲ ಕೊಟ್ಟೆ. ಒಂದೇ. ಆ ವಿಷಯ ಇಲ್ಲಿಗೇ ಬಿಡೋಣ.

ಅಪ್ಪನ ಮಫ್ಲರಿನ ಒಂದು ಮುಖ ಪೂರ್ತಿ ಸೀದಾ, ಇನ್ನೊಂದು ಪೂರ್ತಿ ಉಲ್ಟಾ. ನೋಡಲು ನುಣ್ಣಗೆ ಅಂದವಾಗಿರುತ್ತದೆ, ಆದರೆ ಅಂಥ ಹೆಣಿಗೆಯ ಅಂಚು ತಾನಾಗಿ ಸುರುಳಿ ಸುತ್ತುತ್ತದೆ. ಅಪ್ಪ ಅದನ್ನು ಬಿಡಿಸಿದರು, ಅದು ಸುತ್ತಿಕೊಂಡಿತು. ಮತ್ತೆ ಬಿಡಿಸಿದರು, ಮತ್ತೆ ಸುತ್ತಿಕೊಂಡಿತು. "ಒಳ್ಳೇ ಗಟ್ಟಿ ಹಗ್ಗ ಕಣಮ್ಮಾ" ಎಂದು ಕೊರಳಿಗೆ ಹಾಕಿಕೊಂಡರು. ಅಪ್ಪಂದಿರು ಹಾಗೇ.

ಇವರ ಸ್ವೆಟರಿಗೆ ಒಂದು ತೋಳು ಮುಗಿದಿತ್ತು. ಇನ್ನೊಂದು ಮೊಣಕೈವರೆಗೆ ಬಂದು, ನಡುವೆ ತಂತಿಯಿರುವ ಕಡ್ಡಿಯಲ್ಲೇ ನೇತಾಡುತ್ತಿತ್ತು. ಪರವಾಗಿಲ್ಲ ಅಂತ ಇವರು ಹಾಗೇ ತೊಟ್ಟರು. ಎದೆಯ ಹತ್ತಿರ ಉಸಿರು ಬಿಗಿಹಿಡಿದರು, ಕೆಳಗೆ ಗಾಳಿಯಾಡುತ್ತಿತ್ತು. ಕಡ್ಡಿಯ ತುದಿ ಭಾವನ ಪಕ್ಕೆಗೆ ಎರಡು ಸಲ ಚುಚ್ಚಿತು. ಫೋಟೋ ತೆಗೆಯುವಾಗ ಎಲ್ಲರೂ ಕೈಯೆತ್ತಿದರು. ಇವರು ಒಂದೇ ಕೈ ಎತ್ತಿದರು, ಎರಡನೆಯದನ್ನು ನಾನು ಬಿಗಿಯಾಗಿ ಹಿಡಿದುಕೊಂಡಿದ್ದೆ. ಕುಣಿಕೆ ಜಾರಿದರೆ ಏನು ಗತಿ?

ವಾಪಸು ಬರುವಾಗ ಇವರು ಕಾರಿನ ಮುಂದಿನ ಸೀಟಿನಲ್ಲಿ ಕೂತರು. ಅಕ್ಕ ಬಾಗಿಲಲ್ಲಿ ನಿಂತು "ನಿಲ್ಲಿ, ನಿಲ್ಲಿ!" ಎಂದು ಕೂಗಿದಳು. ನೂಲಿನ ಉಂಡೆ ಇನ್ನೂ ಅವಳ ಮನೆಯ ಸೋಫಾ ಕೆಳಗೇ ಇತ್ತು.