ಗೊತ್ತು ಅನ್ನಿಸುವುದು ಬೇರೆ, ಗೊತ್ತಿರುವುದು ಬೇರೆ

ಹೋದ ವಾರ ರಾತ್ರಿ ಮಗಳು ಹೃದಯದ ಪಾಠವನ್ನು ಮೂರನೇ ಸಲ ಓದುತ್ತಿದ್ದಳು. ಹತ್ತನೇ ಕ್ಲಾಸು. ಪುಟದ ತುಂಬಾ ಹಳದಿ ಹೈಲೈಟರ್. "ಎಲ್ಲಾ ಬರುತ್ತೆ ಅಮ್ಮ" ಅಂದಳು.

ಪುಸ್ತಕ ಮುಚ್ಚಿಸಿ, ಹಳೇ ಕ್ಯಾಲೆಂಡರಿನ ಹಾಳೆ ತಿರುವಿ ಕೊಟ್ಟೆ. "ಚಿತ್ರ ಬರಿ. ರಕ್ತ ಎಲ್ಲಿಂದ ಎಲ್ಲಿಗೆ ಹೋಗುತ್ತೆ, ಬಾಣ ಹಾಕು." ನಾಲ್ಕು ಕೋಣೆ ಬಂದವು. ಬಾಣ ಬಲ ಹೃತ್ಕುಕ್ಷಿಯ (ಬಲಗಡೆ ಕೆಳಗಿನ ಕೋಣೆ) ತನಕ ಬಂದು ನಿಂತಿತು. ಅಲ್ಲಿಂದ ಶ್ವಾಸಕೋಶಕ್ಕಾ, ಮೈಗೆಲ್ಲಾನಾ? ಅವಳ ಕಣ್ಣು ತುಂಬಿತು. "ಈಗ್ತಾನೆ ಓದಿದೆ ಅಲ್ವಾ ಅಮ್ಮ!"

ಓದಿದ್ದು ನಿಜ. ಆದರೆ ಮತ್ತೆ ಮತ್ತೆ ಓದಿದಾಗ ಸಾಲುಗಳು ಕಣ್ಣಿಗೆ ಪರಿಚಯವಾಗುತ್ತವೆ. ಮನಸ್ಸು ಆ ಪರಿಚಯವನ್ನೇ 'ಬರುತ್ತೆ' ಅಂದುಕೊಳ್ಳುತ್ತದೆ. ದಿನಾ ಬಸ್ ಸ್ಟಾಪಿನಲ್ಲಿ ಕಾಣುವ ಮುಖದ ಹಾಗೆ. ನೋಡಿದರೆ ಗುರುತು ಸಿಗುತ್ತದೆ, ಹೆಸರು ಕೇಳಿದರೆ ಗೊತ್ತಿಲ್ಲ.

ಅಮೆರಿಕದ ಮನೋವಿಜ್ಞಾನ ಸಂಶೋಧಕರಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಇದನ್ನೇ ಪರೀಕ್ಷಿಸಿದರು. ಒಂದು ಗುಂಪು ಪಾಠವನ್ನು ನಾಲ್ಕು ಸುತ್ತು ಬರೀ ಓದಿತು. ಇನ್ನೊಂದು ಗುಂಪು ಒಂದು ಸುತ್ತು ಓದಿ, ಮೂರು ಸುತ್ತು ನೋಡದೆ ನೆನಪಿನಿಂದ ಬರೆಯಿತು. ವಾರ ಕಳೆದ ಮೇಲೆ ಬರೀ ಓದಿದವರಿಗೆ ನೆನಪಿದ್ದದ್ದು ಸುಮಾರು ಶೇ. 40, ಬರೆದವರಿಗೆ ಶೇ. 61. ನನಗೆ ಜಾಸ್ತಿ ತಟ್ಟಿದ್ದು ಇನ್ನೊಂದು ವಿಷಯ. 'ನನಗೆ ಚೆನ್ನಾಗಿ ನೆನಪಿರುತ್ತೆ' ಅನ್ನುವ ನಂಬಿಕೆ ಹೆಚ್ಚಿದ್ದದ್ದು ಬರೀ ಓದಿದವರಿಗೇ!

ನಮ್ಮ ಯೋಚನೆಯನ್ನು ನಾವೇ ಗಮನಿಸಿ ತಿದ್ದಿಕೊಳ್ಳುವ ಈ ಕೆಲಸಕ್ಕೆ ಮನೋವಿಜ್ಞಾನಿ ಜಾನ್ ಫ್ಲಾವೆಲ್ 1970ರ ದಶಕದಲ್ಲಿ ಮೆಟಾಕಾಗ್ನಿಷನ್ ಎಂದು ಹೆಸರಿಟ್ಟರು. ಹೆಸರು ದೊಡ್ಡದು, ಮಾಡುವುದು ಅಡುಗೆಮನೆ ಮೇಜಿನ ಮೇಲೆ ಆಗುವಂಥದ್ದು. ಶಾಲೆಗಳಲ್ಲಿ ಇದನ್ನು ಬಿಡಿಸಿ ಹೇಳಿಕೊಡಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. 'ಓದು, ಓದು' ಅಂತ ಎಲ್ಲರೂ ಹೇಳುತ್ತೇವೆ. ಓದಿದ್ದು ಬಂತಾ ಅಂತ ತಾನೇ ನೋಡಿಕೊಳ್ಳುವ ದಾರಿ ಮಾತ್ರ ಹೇಳಿಕೊಡುವುದಿಲ್ಲ.

ದೊಡ್ಡವರಿಗೂ ಇದು ಬೇಕು. ನಾನು ಅಂಗಡಿಯೊಂದರ ಲೆಕ್ಕ ಬರೆಯುತ್ತೇನೆ. ಪ್ರತಿ ತಿಂಗಳು 20ನೇ ತಾರೀಖಿನೊಳಗೆ ಜಿಎಸ್‌ಟಿ ರಿಟರ್ನ್ ಹಾಕಬೇಕು. "ಎರಡು ಗಂಟೆ ಕೆಲಸ" ಅಂತ ಕೂತರೆ ಅರ್ಧ ದಿನ ಹೋಗುತ್ತಿತ್ತು. ಈಗ ಡೈರಿಯಲ್ಲಿ ಅಂದಾಜು ಒಂದು ಕಡೆ, ಆಗಿದ್ದು ಒಂದು ಕಡೆ ಬರೆಯುತ್ತೇನೆ. ನಾಲ್ಕು ತಿಂಗಳಲ್ಲಿ ಕಾರಣ ಕಂಡಿತು. ಅಂದಾಜು ಹಾಕುವಾಗ ಬಿಲ್ ಎಂಟ್ರಿ ಮಾತ್ರ ನೆನಪಾಗುತ್ತಿತ್ತು. ಕಾಣದ ಬಿಲ್ಲಿಗೆ ಫೋನ್ ಮಾಡುತ್ತಾ ಕೂರುವ ಹೊತ್ತು ಲೆಕ್ಕಕ್ಕೇ ಬರುತ್ತಿರಲಿಲ್ಲ. ಈಗ ಆ ಫೋನುಗಳನ್ನು ಹತ್ತನೇ ತಾರೀಖಿಗೇ ಮುಗಿಸುತ್ತೇನೆ.

ನಿನ್ನೆ ಮಗಳು ತಾನಾಗಿಯೇ ಕ್ಯಾಲೆಂಡರ್ ಹಾಳೆ ಕೇಳಿದಳು. ಬಾಣ ಶ್ವಾಸಕೋಶಕ್ಕೆ ಹೋಗಿ, ಎಡಗಡೆ ವಾಪಸ್ ಬಂತು.