ಬೂಟಿನ ಬಣ್ಣ ಮೆದುಳಿನ ಗುಟ್ಟು ಹೇಳುತ್ತದೆಯೇ?

ಮೈಸೂರಿನ ಫ್ಯಾಮಿಲಿ ಗ್ರೂಪ್‌ಗಳಲ್ಲೂ ಆಗಾಗ ಒಂದು ಬೂಟಿನ ಫೋಟೋ ಬರುತ್ತದೆ. ಅದು ಗುಲಾಬಿ-ಬಿಳಿಯಾಗಿ ಕಂಡರೆ ಬಲ ಮೆದುಳು ಜೋರು, ಬೂದು-ಹಸಿರಾಗಿ ಕಂಡರೆ ಎಡ ಮೆದುಳು ಜೋರು ಎಂಬುದು ಅದರ ಸಾರ. ಇದು ನಿಜವಲ್ಲ. ಬಣ್ಣ ಗುರುತಿಸುವ ಕೆಲಸವನ್ನು ಮೆದುಳಿನ ಎರಡೂ ಭಾಗಗಳು ಮಾಡುತ್ತವೆ.

ವ್ಯತ್ಯಾಸ ಬರುವುದು ಬೆಳಕಿನ ಅಂದಾಜಿನಲ್ಲಿ. ವಸ್ತುವಿನ ಮೇಲೆ ಎಂಥ ಬೆಳಕು ಬಿದ್ದಿದೆ ಎಂದು ಮೆದುಳು ಊಹಿಸುತ್ತದೆ. ಆ ಬೆಳಕಿನ ಛಾಯೆಯನ್ನು ಕಳೆದು ಬಣ್ಣ ತೋರಿಸುತ್ತದೆ. ದೇವರಾಜ ಮಾರುಕಟ್ಟೆಯ ಹಳದಿ ಬಲ್ಬಿನ ಕೆಳಗೂ ಮಲ್ಲಿಗೆ ಬಿಳಿಯಾಗೇ ಕಾಣುವುದು ಇದರಿಂದಲೇ. ಫೋಟೋದಲ್ಲಿ ಬೆಳಕಿನ ಸುಳಿವು ಸರಿಯಾಗಿ ಸಿಗದಿದ್ದರೆ ಒಬ್ಬೊಬ್ಬರ ಊಹೆ ಒಂದೊಂದು. 2015ರಲ್ಲಿ ಜಗತ್ತೆಲ್ಲ ಸುತ್ತಿದ ಉಡುಪಿನ ಫೋಟೋ ನೆನಪಿದೆ ಅಲ್ವಾ? ಎಷ್ಟೋ ಜನರಿಗೆ ಅದು ಬಿಳಿ-ಚಿನ್ನದ ಬಣ್ಣದ್ದಾಗಿ ಕಂಡಿತು. ಉಡುಪು ಇದ್ದದ್ದು ನೀಲಿ-ಕಪ್ಪು.

ಪರೀಕ್ಷಿಸುವುದು ಸುಲಭ. ಹಾಳೆಯಲ್ಲಿ ಸಣ್ಣ ತೂತು ಮಾಡಿ ಫೋಟೋ ಮೇಲಿಟ್ಟು ನೋಡಿ. ಸುತ್ತಲಿನದು ಮರೆಯಾದರೆ ಬಣ್ಣ ಬೇರೆ ಕಾಣಬಹುದು. ಫೋನಿನ ಪರದೆಯನ್ನು ಹಳದಿಯಾಗಿಸುವ ನೈಟ್ ಮೋಡ್ ಆಫ್ ಮಾಡಿಯೂ ನೋಡಿ. ಫೋಟೋ ಎಲ್ಲಿಂದ ಬಂತು ಎಂದು ಇಮೇಜ್ ಸರ್ಚ್ ಮಾಡಿ.

ಹಂಚಿದವರ ಮೇಲೆ ಸಿಟ್ಟು ಬೇಡ. ಒಂದೇ ಫೋಟೋ ಇಬ್ಬರಿಗೆ ಎರಡು ಥರ ಕಾಣುವುದು ನಿಜಕ್ಕೂ ಅಚ್ಚರಿಯೇ. ಆದರೆ ದಿನಬಳಕೆಯ ವಸ್ತುಗಳ ಬಣ್ಣವೇ ಮಸುಕಾಗುತ್ತಿದ್ದರೆ ಕಣ್ಣಿನ ಡಾಕ್ಟರಿಗೆ ತೋರಿಸಿ.