ಒಲೆ ಎರಡು, ಮನೆ ಒಂದು

ಕಳೆದ ಬೇಸಿಗೆಯಲ್ಲಿ ಅಮ್ಮ ನಾನಿರುವ ಸ್ವಿಂಡನ್‌ಗೆ ಬಂದಿದ್ದಾಗ ಒಂದು ಭಾನುವಾರ ಅವಳನ್ನು ತೋಟ ನೋಡೋಕೆ ಕರೆದುಕೊಂಡು ಹೋಗಿದ್ದೆ. ಇಂಗ್ಲೆಂಡಿನಲ್ಲಿ ಇದೊಂದು ಚೆಂದದ ರೂಢಿ. ಯಾರದೋ ಸ್ವಂತ ಮನೆ, ಗೇಟಿನ ಮೇಲೆ ಹಳದಿ ಪೋಸ್ಟರ್. ದುಡ್ಡು ಕೊಟ್ಟು ಒಳಗೆ ಹೋಗಿ ಹೂವು ನೋಡಬಹುದು, ಕೇಕ್ ತಿಂದು ಟೀ ಕುಡಿಯಬಹುದು. ದುಡ್ಡು ನರ್ಸಿಂಗ್ ಸೇವೆಯ ಸಂಸ್ಥೆಗಳಿಗೆ ಹೋಗುತ್ತದೆ. ನ್ಯಾಷನಲ್ ಗಾರ್ಡನ್ ಸ್ಕೀಮ್ ಅಂತ ಹೆಸರು. 1927ರಲ್ಲಿ ಶುರುವಾದಾಗ ತಲೆಗೆ ಒಂದು ಶಿಲ್ಲಿಂಗ್ ಇತ್ತಂತೆ. ಈಗ ಎಷ್ಟು ಅಂತ ಅಮ್ಮನಿಗೆ ರೂಪಾಯಿಯಲ್ಲಿ ಹೇಳೋಕೆ ಹೋಗಲಿಲ್ಲ.

ಸೈರನ್‌ಸೆಸ್ಟರ್ ಹತ್ತಿರದ ಹಳ್ಳಿ. ಕಾಟ್ಸ್‌ವೋಲ್ಡ್ಸ್ ಕಡೆಯ ಜೇನುಬಣ್ಣದ ಸುಣ್ಣದಕಲ್ಲಿನ ದೊಡ್ಡ ಮನೆ. ಮಾಡಿಗೂ ಕಲ್ಲಿನ ಹಂಚೇ. ಸೂರಿನ ಹತ್ತಿರ ದೊಡ್ಡ ಹಂಚು, ಮೇಲೆ ಹೋದ ಹಾಗೆ ಚಿಕ್ಕದು. ಬಾಗಿಲ ಮೇಲೆ ವಿಸ್ಟೇರಿಯಾ ಬಳ್ಳಿ, ಹಿಂದೆ ಗೋಡೆ ಕಟ್ಟಿದ ತರಕಾರಿ ತೋಟ, ಸೇಬಿನ ಮರಗಳು. ಅದರಾಚೆ ಒಂದು ಪುಟ್ಟ ಕಲ್ಲಿನ ಕಟ್ಟಡ. ಒಂದು ಕಾಲದ ಕುದುರೆ ಲಾಯ. ಈಗ ಅದಕ್ಕೆ ನೀಲಿ ಬಾಗಿಲು, ಕಿಟಕಿಗೆ ಪರದೆ, ಹೊಗೆಕೊಳವೆ. ಮೆಟ್ಟಿಲ ಮೇಲೆ ಒಬ್ಬ ಅಜ್ಜಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಎಂಬತ್ತು ದಾಟಿರಬೇಕು.

ಮಾತಾಡಿದಾಗ ಗೊತ್ತಾಯಿತು, ದೊಡ್ಡ ಮನೆ ಅವರದ್ದೇ. ಈಗ ಅಲ್ಲಿ ಮಗಳು, ಅಳಿಯ, ಮೊಮ್ಮಕ್ಕಳು. ಅಜ್ಜಿ ಈ ಕಾಟೇಜಿನಲ್ಲಿ. ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅಮ್ಮ ಮುಖದಲ್ಲಿ ನಗು ಹಾಗೇ ಇಟ್ಟುಕೊಂಡು, ‘ಪಾಪ, ಮುದುಕಿನ ಕುದುರೆ ಲಾಯಕ್ಕೆ ಹಾಕಿದ್ದಾರಲ್ಲೋ’ ಅಂದಳು.

ಅಮ್ಮ ಏನಂದರು ಅಂತ ಅಜ್ಜಿ ಕೇಳಿದರು. ಗುಲಾಬಿ ತುಂಬಾ ಚೆನ್ನಾಗಿದೆ ಅಂದರು ಅಂತ ಸುಳ್ಳು ಹೇಳಿದೆ.

ಸುಳ್ಳು ಹೇಳಿದ್ದಕ್ಕೆ ಬೇಜಾರಿಲ್ಲ. ಅಮ್ಮನ ಮಾತು ನನ್ನ ಬಾಯಿಗೂ ಬಂದಿತ್ತಲ್ಲ, ಅದು ಚುಚ್ಚಿತು. ಹನ್ನೊಂದು ವರ್ಷ ಇಲ್ಲಿದ್ದರೂ ನನಗೂ ಅನಿಸಿದ್ದು ಅದೇ.

ಆಮೇಲೆ ಅಜ್ಜಿ ಅಮ್ಮನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಒಂದು ಮಲಗೋ ಕೋಣೆ, ಒಂದು ಬಚ್ಚಲು, ಒಂದು ಅಡುಗೆಮನೆ. ಅಡುಗೆಮನೆ ನಮ್ಮ ಊರಿನ ದೇವರ ಕೋಣೆಯಷ್ಟೇ ಇತ್ತು. ಕೆಟಲ್, ನಾಲ್ಕು ಕಪ್ಪು, ಕಿಟಕಿಯಲ್ಲಿ ಪುದೀನ ಕುಂಡ. ಈ ಏರ್ಪಾಟು ಮಾಡಿದ್ದು ತಾನೇ, ಮಗಳಲ್ಲ, ಅಂತ ಅಜ್ಜಿ ಹೇಳಿದರು. ಗಂಡ ತೀರಿಕೊಂಡ ಮೇಲೆ ದೊಡ್ಡ ಮನೆ ಚಳಿ ಹೊಡೆಯುತ್ತಿತ್ತಂತೆ. ಮಗಳಿಗೆ ಜಾಗ ಸಾಲುತ್ತಿರಲಿಲ್ಲವಂತೆ. ಅದಲು ಬದಲು ಮಾಡಿಕೊಂಡರು. ನಾವು ಮಾತಾಡುತ್ತಿರುವಾಗಲೇ ಮೊಮ್ಮಗ ಬಂದ. ತೆರೆದೇ ಇದ್ದ ಬಾಗಿಲನ್ನು ಎರಡು ಸಲ ತಟ್ಟಿ, ಅಜ್ಜಿ ‘ಬಾ’ ಅಂದ ಮೇಲೆ ಒಳಗೆ ಕಾಲಿಟ್ಟ. ಅಮ್ಮ ಅದನ್ನೇ ನೋಡುತ್ತಿದ್ದಳು.

ಕಾರಿನಲ್ಲಿ ಅರ್ಧ ದಾರಿ ಮಾತಿಲ್ಲ. ಆಮೇಲೆ, ‘ಅವಳಿಗೆ ಅವಳದ್ದೇ ಒಲೆ ಇದೆ’ ಅಂದಳು.

ನಮ್ಮಲ್ಲಿ ‘ಒಲೆ ಬೇರೆ ಆಯ್ತಂತೆ’ ಅನ್ನೋದನ್ನು ಜನ ಯಾವ ದನಿಯಲ್ಲಿ ಹೇಳುತ್ತಾರೆ ಅಂತ ನೆನಪು ಮಾಡಿಕೊಳ್ಳಿ. ಸಾವಿನ ಸುದ್ದಿ ಹೇಳೋ ದನಿ ಅದು. ತೀರ್ಥಹಳ್ಳಿ ಕಡೆ ನಮ್ಮದೊಂದು ತೊಟ್ಟಿ ಮನೆ ಇತ್ತು. ಹಲಸಿನ ಕಂಬ, ಗಾರೆ ನೆಲ, ಮಳೆಗಾಲದಲ್ಲಿ ತೊಟ್ಟಿಗೆ ನಾಲ್ಕೂ ಕಡೆಯಿಂದ ಸುರಿಯೋ ನೀರು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಚಿಕ್ಕಮ್ಮ ಉಗ್ರಾಣದ ಪಕ್ಕದ ಮೂಲೆಯಲ್ಲಿ ಸೀಮೆಎಣ್ಣೆ ಸ್ಟೌ ಇಟ್ಟುಕೊಂಡು ತಮ್ಮ ಪಾಡಿಗೆ ಅನ್ನ ಬೇಯಿಸಿದರು. ಅಷ್ಟೇ ಆಗಿದ್ದು. ಅವರಿಗೆ ಬೇಕಿದ್ದದ್ದು ಬಹುಶಃ ಒಂದು ಸ್ಟೌ ಮಾತ್ರ. ಆದರೆ ಊರಿಗೆ ಗೊತ್ತಾಯಿತು. ದೊಡ್ಡಪ್ಪನಿಗೆ ಅವಮಾನವಾಯಿತು. ಹಿರಿಯರು ಬಂದು ಕೂತರು. ಎರಡು ವರ್ಷದಲ್ಲಿ ಪಾಲು. ತೋಟ, ಗದ್ದೆ ಹಂಚಬಹುದು. ತೊಟ್ಟಿಯನ್ನು ಮೂರು ಜನರಿಗೆ ಹೇಗೆ ಹಂಚೋದು? ಬಿಚ್ಚಿದರು. ಮಂಗಳೂರು ಹಂಚನ್ನು ಎಣಿಸಿ ಮೂರು ರಾಶಿ ಹಾಕಿದರು. ಕಂಬ ಯಾವುದೋ ರೆಸಾರ್ಟಿಗೆ ಹೋದವು ಅಂತ ಕೇಳಿದೆ. ಈಗ ಅಲ್ಲಿ ಮೂರು ಆರ್‌ಸಿಸಿ ಮನೆಗಳು, ಮಧ್ಯೆ ಎರಡು ಕಾಂಪೌಂಡು.

ಸೈರನ್‌ಸೆಸ್ಟರಿನ ಆ ಮನೆಯಲ್ಲೂ ಒಲೆ ಎರಡು. ಮನೆ ಮಾತ್ರ ಒಂದೇ. ಇದು ಬರೀ ಮಾತಿಗೆ ಹೇಳುತ್ತಿಲ್ಲ, ಕಾಗದದಲ್ಲೂ ಹಾಗೇ. ಇಂಥ ಕಾಟೇಜಿಗೆ ಒಪ್ಪಿಗೆ ಕೊಡುವಾಗ ಇಲ್ಲಿನ ಕೌನ್ಸಿಲ್, ಅಂದರೆ ನಮ್ಮ ಪುರಸಭೆಯ ಥರದ್ದು, ಸಾಮಾನ್ಯವಾಗಿ ಒಂದು ಷರತ್ತು ಹಾಕುತ್ತದೆ. ಅದನ್ನು ದೊಡ್ಡ ಮನೆಗೆ ಸೇರಿಸಿಯೇ ಬಳಸಬೇಕು, ಬೇರೆ ಮಾಡಿ ಮಾರುವ ಹಾಗಿಲ್ಲ. ಆಡುಮಾತಿನಲ್ಲಿ ಇದಕ್ಕೆ ‘ಗ್ರ್ಯಾನಿ ಆನೆಕ್ಸ್’ ಅಂತಲೇ ಹೆಸರು. ತನ್ನದೇ ಅಡುಗೆಮನೆ, ಬಚ್ಚಲು ಇದ್ದರೆ ಅದಕ್ಕೆ ಪ್ರತ್ಯೇಕ ಕೌನ್ಸಿಲ್ ಟ್ಯಾಕ್ಸ್. ಆದರೆ 65 ದಾಟಿದ, ಮನೆಯವರನ್ನೇ ನೆಚ್ಚಿಕೊಂಡ ಸಂಬಂಧಿಕರು ಅಲ್ಲಿದ್ದರೆ ಆ ಟ್ಯಾಕ್ಸ್ ಮಾಫಿ. ಮನೆಯವರಲ್ಲೇ ಬೇರೆ ಯಾರಾದರೂ ಇದ್ದರೆ 2014ರಿಂದ ಅರ್ಧ ರಿಯಾಯಿತಿ. ನಮ್ಮ ಚಿಕ್ಕಮ್ಮನ ಸ್ಟೌವನ್ನು ಇಲ್ಲಿ ಸರ್ಕಾರವೇ ಒಪ್ಪಿಕೊಂಡು ರಿಯಾಯಿತಿ ಕೊಡುತ್ತಿದೆ!

ಮನೆ ಉಳಿಯೋಕೆ ಇನ್ನೊಂದು ಕಾರಣವೂ ಇದೆ. ಕಾನೂನಿನ ರಕ್ಷಣೆ ಇರುವ ಹಳೆ ಕಟ್ಟಡಗಳ ಪಟ್ಟಿಯಲ್ಲಿ ಅದು ಗ್ರೇಡ್ 2. ಇಂಗ್ಲೆಂಡಿನ ಪಟ್ಟಿಯಲ್ಲಿ ನೂರಕ್ಕೆ 90ಕ್ಕೂ ಜಾಸ್ತಿ ಈ ಗ್ರೇಡಿನವೇ. ಒಪ್ಪಿಗೆ ಇಲ್ಲದೆ ಹಳೆ ಮರದ ಕಿಟಕಿ ಕಿತ್ತು ಪ್ಲಾಸ್ಟಿಕ್ ಕೂರಿಸಿದರೆ ಕ್ರಿಮಿನಲ್ ಕೇಸು ಬೀಳಬಹುದು. ಗೋಡೆಗೆ ಸಿಮೆಂಟ್ ಮೆತ್ತಬಾರದು, ಸುಣ್ಣದ ಗಾರೆಯೇ ಆಗಬೇಕು, ಇಲ್ಲದಿದ್ದರೆ ತೇವ ಒಳಗೇ ಉಳಿದು ಕಲ್ಲು ಹಾಳಾಗುತ್ತದೆ ಅನ್ನುತ್ತಾರೆ. ಇದನ್ನು ಕೇಳಿ ಅಮ್ಮ, ‘ನಿಮ್ಮಜ್ಜನೂ ಅದನ್ನೇ ಹೇಳ್ತಿದ್ರು’ ಅಂದಳು. ಅಜ್ಜನ ಮಾತು ಕೇಳೋಕೆ ನಮ್ಮಲ್ಲಿ ಪಟ್ಟಿ ಇರಲಿಲ್ಲ, ಏನು ಮಾಡೋದು.

ಈ ಚಳಿಗಾಲ ಅದೇ ಮನೆ ಮಾರಾಟಕ್ಕೆ ಬಂತು. ಜಾಹೀರಾತು ಕಣ್ಣಿಗೆ ಬಿತ್ತು. ‘ಪೀರಿಯಡ್ ಹೋಮ್’ (ಅಂದರೆ ಹಳೇ ಕಾಲದ ಮನೆ), ‘ಕ್ಯಾರೆಕ್ಟರ್’, ‘ಸ್ವಂತ ಸೌಕರ್ಯದ ಕಾಟೇಜು’, ‘ತೋಟಗಳು’. ಕ್ಯಾರೆಕ್ಟರ್ ಅಂದರೆ ತೊಲೆಗೆ ತಲೆ ಬಡಿಯುತ್ತದೆ ಅಂತ ಅರ್ಥ. ಆದರೂ ಹಳೇದು ಅನ್ನೋದನ್ನು ಬೆಲೆಗೆ ಸೇರಿಸಿ ಹೇಳುತ್ತಾರೆ. ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಅಂಥ ಮನೆ ಮಾರಾಟಕ್ಕೆ ಬಂದರೆ ಹೇಗೆ ಬರೆಯುತ್ತಾರೆ ಗೊತ್ತಲ್ಲ. ‘ಹಳೆ ಮನೆ ಇರುವ ಸೈಟು.’ ಅಂದರೆ ಕೆಡವೋ ಖರ್ಚು ನಿಮ್ಮದು. ಹಿಂದಿನ ಔಟ್‌ಹೌಸಿನ ಬಗ್ಗೆ ಯಾರೂ ಬರೆಯೋದೂ ಇಲ್ಲ. ನಮ್ಮಲ್ಲೂ ಔಟ್‌ಹೌಸ್ ಇತ್ತು ಸ್ವಾಮಿ. ಅಲ್ಲಿ ಬಾಡಿಗೆಯವರನ್ನು ಇಟ್ಟೆವೇ ಹೊರತು ಅಮ್ಮನನ್ನು ಇಡಬಹುದು ಅಂತ ಹೊಳೆಯಲಿಲ್ಲ. ಹೊಳೆದರೂ ಮಾನ ಬಿಡುತ್ತಿರಲಿಲ್ಲ.

ಇಷ್ಟು ಹೊಗಳಿದ ಮೇಲೆ ಹೇಳಲೇಬೇಕು, ಮನೆ ಯಾಕೆ ಮಾರಾಟಕ್ಕೆ ಬಂತು ಅಂತ. ಆ ಹಳ್ಳಿಯಲ್ಲಿರುವ ಸಹೋದ್ಯೋಗಿಯೊಬ್ಬರು ಹೇಳಿದರು. ಅಜ್ಜಿ ಬಿದ್ದು ಸೊಂಟ ಮುರಿದುಕೊಂಡರು. ಈಗ ಕೇರ್ ಹೋಮಿನಲ್ಲಿದ್ದಾರೆ. ಇಂಗ್ಲೆಂಡಿನಲ್ಲಿ ಕೈಯಲ್ಲಿ 23,250 ಪೌಂಡಿಗಿಂತ ಜಾಸ್ತಿ ಆಸ್ತಿ ಇದ್ದರೆ ಆ ಖರ್ಚು ಸಾಮಾನ್ಯವಾಗಿ ನಿಮ್ಮದೇ. ಅಷ್ಟು ದೊಡ್ಡ ಮನೆ ಇದ್ದವರು ಎಲ್ಲಿಗೆ ಹೋದಾರು. ನಮ್ಮ ಅಜ್ಜಿ ನಾಲ್ಕು ವರ್ಷ ಹಾಸಿಗೆ ಹಿಡಿದಿದ್ದರು, ಆ ತೊಟ್ಟಿ ಮನೆಯಲ್ಲೇ. ರಾತ್ರಿ ನರಳಿದರೆ ಮೂರು ಕೋಣೆಯಿಂದ ಮೂರು ಜನ ಏಳುತ್ತಿದ್ದರು. ಬಾಗಿಲು ತಟ್ಟಿ ‘ಬರಲಾ’ ಅಂತ ಯಾರೂ ಕೇಳಲಿಲ್ಲ. ಏಳುತ್ತಿದ್ದವರು ಅಮ್ಮ, ದೊಡ್ಡಮ್ಮ, ಆ ಸ್ಟೌ ಇಟ್ಟ ಚಿಕ್ಕಮ್ಮ. ಗಂಡಸರು ಮಲಗಿಯೇ ಇರುತ್ತಿದ್ದರು ಅನ್ನೋದೂ ನಿಜ.

ಇನ್ನೊಂದು ಮಾತು. ಇಂಥ ಕಾಟೇಜುಗಳಲ್ಲಿ ಬಹಳಷ್ಟರಲ್ಲಿ ಅಜ್ಜಿಯೇ ಇರೋದಿಲ್ಲ. ವಾರಾಂತ್ಯಕ್ಕೆ ಲಂಡನ್ನಿನಿಂದ ಬರುವವರಿಗೆ ಬಾಡಿಗೆ. ನಾನು ಲಾಟರಿ ಹೊಡೆದು ಆ ಮನೆ ಕೊಂಡುಕೊಂಡೆ ಅಂದುಕೊಳ್ಳಿ, ಅಮ್ಮ ಅಲ್ಲಿ ಇರೋಕೆ ಆಗುತ್ತಾ? ಸಂದರ್ಶಕರ ವೀಸಾದಲ್ಲಿ ಒಂದು ಸಲಕ್ಕೆ ಆರು ತಿಂಗಳು. ವಯಸ್ಸಾದ ಅಪ್ಪ ಅಮ್ಮನನ್ನು ಕರೆಸಿ ಖಾಯಂ ಇಟ್ಟುಕೊಳ್ಳೋ ದಾರಿಯನ್ನು 2012ರಲ್ಲಿ ಎಷ್ಟು ಬಿಗಿ ಮಾಡಿದರೆಂದರೆ, ಊಟ, ಸ್ನಾನ, ಬಟ್ಟೆಗೂ ಇನ್ನೊಬ್ಬರು ಬೇಕು, ಊರಿನಲ್ಲಿ ಅದಕ್ಕೆ ದಾರಿಯೇ ಇಲ್ಲ ಅಂತ ರುಜುವಾತು ಮಾಡಬೇಕು. ನಮ್ಮಮ್ಮ ಈಗಲೂ ತಾನೇ ಅಡಿಕೆ ಸುಲಿಯುತ್ತಾಳೆ. ಅಷ್ಟು ಗಟ್ಟಿ ಇರೋವರೆಗೂ ಈ ದೇಶಕ್ಕೆ ಅವಳು ಬೇಡ.

ಜಾಹೀರಾತಿನ ಫೋಟೋಗಳನ್ನು ವಾಟ್ಸಾಪಿನಲ್ಲಿ ಕಳಿಸಿದೆ. ದೊಡ್ಡ ಮನೆಯ ಹನ್ನೆರಡು ಫೋಟೋ ಬಗ್ಗೆ ಏನೂ ಹೇಳಲಿಲ್ಲ. ಕಾಟೇಜಿನ ಅಡುಗೆಮನೆ ಉದ್ದಗಲ ಎಷ್ಟು ಅಂತ ಕೇಳಿದಳು. ನಕ್ಷೆ ನೋಡಿ ಹತ್ತಡಿ ಎಂಟಡಿ ಅಂದೆ.

ಮರುದಿನ ಅಣ್ಣನ ಫೋನು. ‘ಏನೋ ತಲೆಗೆ ತುಂಬಿದ್ದೀಯಾ ಅಮ್ಮಂಗೆ? ದನ ಇಲ್ಲ, ಕೊಟ್ಟಿಗೆ ಖಾಲಿ ಬಿದ್ದಿದೆ, ಅಲ್ಲೊಂದು ಒಲೆ ಹಾಕಿಕೊಡು ಅಂತ ಕೂತಿದ್ದಾಳೆ. ಊರವರು ಏನಂತಾರೆ? ಅಮ್ಮನ್ನ ಕೊಟ್ಟಿಗೆಗೆ ಹಾಕಿದ ಅಂತಾರೆ.’

ಹಿಂದಿನಿಂದ ಅಮ್ಮನ ದನಿ ಕೇಳಿಸಿತು. ‘ಬಾಗಿಲಿಗೆ ನೀಲಿ ಬಣ್ಣ ಅಂತ ಹೇಳು ಅವನಿಗೆ.’